ಪಟ್ಟಿ ಇದೆ, ಲ್ಯಾಬ್ ಎಲ್ಲಿದೆ?
ಆಂಟಿಬಯೋಟಿಕ್ ಬಳಕೆಗೆ ಲಗಾಮು ಹಾಕಲು ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ಕೈಜೋಡಿಸಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ತಂದ, ಯಾವ ಆಂಟಿಬಯೋಟಿಕ್ ಯಾವಾಗ ಕೊಡಬೇಕೆಂದು ವಿಂಗಡಿಸುವ 'ಅವೇರ್' ಪಟ್ಟಿಯನ್ನೇ ಬಿಟ್ಟುಬಿಟ್ಟಿರಲ್ಲ! ಅದರಲ್ಲಿ ಮೂರು ಗುಂಪು. ಅಮಾಕ್ಸಿಸಿಲಿನ್ ತರಹದವು ಮೊದಲ ಆಯ್ಕೆ. ಕೊಲಿಸ್ಟಿನ್‌ನಂಥವು ಬೇರೇನೂ ನಾಟದಾಗ ಮಾತ್ರ. ನಡುವೆ ಎಚ್ಚರದಿಂದ ಕೊಡಬೇಕಾದ ಗುಂಪು, ಅಜಿತ್ರೋಮೈಸಿನ್ ಇರುವುದು ಅಲ್ಲಿ. ನಾವೋ ಸುಮ್ನೆ ನೆಗಡಿಗೂ ಅದನ್ನೇ ನುಂಗುತ್ತೇವೆ, ಅಲ್ವಾ? 2030ರೊಳಗೆ ಜಗತ್ತಿನಲ್ಲಿ ಜನರಿಗೆ ಕೊಡುವ ಆಂಟಿಬಯೋಟಿಕ್‌ಗಳಲ್ಲಿ ಕನಿಷ್ಠ ಶೇ 70ರಷ್ಟು ಮೊದಲ ಗುಂಪಿನದೇ ಇರಬೇಕು ಎಂದು 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಪಿವೆ. ಯಾವ ಕ್ರಿಮಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಲ್ಯಾಬ್‌ನಲ್ಲಿ ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ಟೆಸ್ಟ್ ಬೇಕು. ಆ ಸೌಲಭ್ಯವೇ ಇಲ್ಲದ ಸಣ್ಣ ಊರಿನ ಡಾಕ್ಟರ್ ಏನು ಮಾಡಬೇಕು? ಅದನ್ನೂ ಬರೆಯಿರಿ.