ಋಣಭಾರ ಪತ್ರವೊಂದೇ ಸಾಲದು

30 ವರ್ಷಗಳ ಋಣಭಾರ ಪತ್ರ (ಆಸ್ತಿಯ ನೋಂದಾಯಿತ ವಹಿವಾಟುಗಳ ಪಟ್ಟಿ) ಮತ್ತು ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಸರಿಯಿದ್ದರೆ ಹಳೆಯ ಪೇಟೆಯ ಮನೆಯನ್ನು ನಿಶ್ಚಿಂತೆಯಿಂದ ಕೊಳ್ಳಬಹುದೆಂದು ಲೇಖನವೊಂದರಲ್ಲಿ ಓದಿದ ಮಾತನ್ನು ಕೋಲಾರದವನಾದ ನಾನು ಒಪ್ಪಲಾರೆ. ಸೋಮೇಶ್ವರ ದೇವಾಲಯದ ಬಳಿಯ ಜಗಲಿಮನೆಯೊಂದಕ್ಕೆ ಮುಂಗಡ ಕೊಡುವ ಹಂತದಲ್ಲಷ್ಟೇ ನನಗೆ ತಿಳಿದದ್ದೇನೆಂದರೆ, ಈ ದೇವಾಲಯದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಮೊದಲನೆಯದರಲ್ಲಿ ಖಾಸಗಿಯವರು ಹೊಸದಾಗಿ ಕಟ್ಟುವಂತಿಲ್ಲ, ಇರುವ ಮನೆಯ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಋಣಭಾರ ಪತ್ರ ಇದನ್ನು ಹೇಳುವುದಿಲ್ಲ. ನೋಂದಣಿಯಾಗದ ಪಾಲುಪಟ್ಟಿಯಾಗಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗಿರುವ ಸಮಪಾಲಾಗಲಿ ಅದರಲ್ಲಿ ಕಾಣಿಸದು. ಮಹಡಿ ಕಟ್ಟುವ ಆಸೆಯಿದ್ದ ನಾನು ಹಿಂದೆ ಸರಿದೆ. ಇದ್ದಂತೆಯೇ ವಾಸಿಸಬಯಸುವವರಿಗೆ ಆ ಮನೆ, ಅದರ ಮರದ ಕಂಬಗಳಿಗಾಗಿಯಾದರೂ, ಇಂದಿಗೂ ಕೊಳ್ಳಲು ಯೋಗ್ಯವೇ.