ಪತ್ರಿಕೆಯ ಕಾಮಿಕ್ ಸ್ಟ್ರಿಪ್: ಮೂಕಿ ಕಾರ್ಟೂನಿಗೆ ಬಲವೋ, ಭಾರವೋ?

ಪರ: ಪತ್ರಿಕೆ ಇಲ್ಲದಿದ್ದರೆ ಕಾರ್ಟೂನೇ ಇರುತ್ತಿರಲಿಲ್ಲ

1908ರ ಒಂದು ಭಾನುವಾರ ಅಮೆರಿಕದ ಚಿತ್ರಕಾರ ವಿನ್ಸರ್ ಮೆಕೇ ಪತ್ರಿಕೆಗೆ ಚೌಕ ಚೌಕವಾಗಿ ಬರೆಯುತ್ತಿದ್ದ 'ಲಿಟ್ಲ್ ನೀಮೋ' ಸ್ಟ್ರಿಪ್‌ನಲ್ಲಿ ಮಂಚಕ್ಕೆ ಕಾಲು ಬೆಳೆಯುತ್ತದೆ. ಚೌಕದಿಂದ ಚೌಕಕ್ಕೆ ಕಾಲು ಉದ್ದವಾಗುತ್ತಾ ಹೋಗಿ, ಮಂಚ ಊರ ಮೇಲೆಲ್ಲ ನಡೆದಾಡುತ್ತದೆ. ಕಾಗದದ ಮೇಲೆ ಚಲನೆ ಆಗಲೇ ಬಂದಾಗಿತ್ತು. 1911ರಲ್ಲಿ ಅದೇ ನೀಮೋನನ್ನು ಮೆಕೇ ತೆರೆಗೆ ತಂದರು. ಅದಕ್ಕಾಗಿ ಸುಮಾರು 4,000 ಚಿತ್ರ ಬರೆದರು. ಅದರಲ್ಲಿ ಕಥೆ ಅಂತ ಏನೂ ಇಲ್ಲ. ಪಾತ್ರಗಳು ಸುಮ್ನೆ ಹಿಗ್ಗುತ್ತವೆ, ಕುಗ್ಗುತ್ತವೆ. ಆದರೂ ಕಣ್ಣು ಕೀಳಲು ಆಗುವುದಿಲ್ಲ. ಪ್ರತಿ ವಾರ ಪುಟ ತುಂಬಿಸಿ ಪಳಗಿದ ಕೈ ಅದು.

ಇನ್ನೊಂದು ಅನುಕೂಲ ಪರಿಚಯದ್ದು. ಮೂಕಿ ಕಾರ್ಟೂನ್, ಅಂದರೆ ಧ್ವನಿ ಇಲ್ಲದ ಕಾಲದ ಅನಿಮೇಷನ್ ಚಿತ್ರ, ಕೆಲವೇ ನಿಮಿಷದ್ದು, ಅದರಲ್ಲಿ ಪಾತ್ರ ಯಾರು, ಏನು ಅಂತ ಹೇಳುತ್ತಾ ಕೂರಲು ಸಮಯವಿಲ್ಲ. ಉದ್ದನೆಯ ಮಟ್, ಕುಳ್ಳ ಜೆಫ್ ತೆರೆಗೆ ಬಂದ ಕೂಡಲೇ ಜನರಿಗೆ ಗೊತ್ತಾಗುತ್ತಿತ್ತು. ಮಟ್ 1907ರಿಂದ, ಜೆಫ್ 1908ರಿಂದ ಪತ್ರಿಕೆಯಲ್ಲಿ ನೋಡಿದ ಮುಖಗಳು ಅಲ್ವಾ? ಜಗಳ ನೇರವಾಗಿ ಶುರುವಾಗುತ್ತಿತ್ತು.

ಪತ್ರಿಕೆಯ ದುಡ್ಡೇ ಈ ಕಲೆಗೆ ಶಾಲೆಯನ್ನೂ ಕಟ್ಟಿತು. ಪತ್ರಿಕೆಗಳ ಒಡೆಯ ಹರ್ಸ್ಟ್ ತನ್ನ ಸ್ಟ್ರಿಪ್‌ಗಳನ್ನು ಸಿನಿಮಾ ಮಾಡಲೆಂದೇ ಸ್ಟುಡಿಯೋ ತೆರೆದರು. ಅದು 1918ರಲ್ಲೇ ಮುಚ್ಚಿತು ನಿಜ, ಆದರೆ ಮುಂದೆ ವುಡಿ ವುಡ್‌ಪೆಕರ್ ಕಾರ್ಟೂನುಗಳನ್ನು ತಯಾರಿಸಿದ ವಾಲ್ಟರ್ ಲಾಂಟ್ಜ್ ಕೆಲಸ ಕಲಿತಿದ್ದು ಅಲ್ಲಿ. ಮುಂದೆ ಡಿಸ್ನಿಯಲ್ಲಿ ಹೆಸರು ಮಾಡಿದ ಡಿಕ್ ಹ್ಯೂಮರ್ ಶುರು ಮಾಡಿದ್ದು ಮಟ್-ಜೆಫ್ ಚಿತ್ರಗಳ ಸ್ಟುಡಿಯೋದಲ್ಲಿ. ಮೂಕಿ ಕಾರ್ಟೂನಿನ ಫೆಲಿಕ್ಸ್ ಬೆಕ್ಕನ್ನೇ ನೋಡಿ. ಸ್ಟ್ರಿಪ್‌ನಿಂದ ಬಂದ ಬೆಕ್ಕಲ್ಲ. ಆದರೂ ತಲೆಯ ಮೇಲೆ ಮೂಡಿದ ಪ್ರಶ್ನಾರ್ಥಕ ಚಿಹ್ನೆಯನ್ನು ಕೈಗೆ ತೆಗೆದುಕೊಂಡು ಕೊಕ್ಕೆ ಮಾಡಿಕೊಳ್ಳುತ್ತದೆ. ತಲೆಯ ಮೇಲೆ ಚಿಹ್ನೆ ಬರೆಯುವುದನ್ನು ಜನರಿಗೆ ರೂಢಿ ಮಾಡಿಸಿದ್ದು ಸ್ಟ್ರಿಪ್‌ಗಳೇ.

ವಿರೋಧ: ಕ್ರೇಜಿ ಕ್ಯಾಟ್‌ಗೆ ಆದದ್ದು ನೋಡಿ

ಜಾರ್ಜ್ ಹೆರಿಮನ್ ಅವರ ಕ್ರೇಜಿ ಕ್ಯಾಟ್ ಸ್ಟ್ರಿಪ್ ಓದಿದವರಿಗೆ ಅದರ ಸಿನಿಮಾ ನೋಡಿದರೆ ಹೊಟ್ಟೆ ಉರಿಯುತ್ತದೆ. ಇಗ್ನಾಟ್ಜ್ ಇಲಿ ಇಟ್ಟಿಗೆ ಎಸೆಯುತ್ತದೆ, ಬೆಕ್ಕು ಅದನ್ನು ಪ್ರೀತಿ ಅಂತ ತಿಳಿಯುತ್ತದೆ. ಇಷ್ಟೇ ಕಥೆ. ಇದನ್ನೇ ಹೆರಿಮನ್ ಮೂರು ದಶಕ ಬರೆದರೂ ಹಳಸಲಿಲ್ಲ. ಪಾತ್ರಗಳು ನಿಂತಲ್ಲೇ ಮಾತಾಡುತ್ತಿರುವಾಗ ಹಿಂದಿನ ಮರುಭೂಮಿ ಚೌಕಕ್ಕೊಂದು ರೂಪ ತಾಳುತ್ತದೆ. ಬಂಡೆ ಇದ್ದಲ್ಲಿ ಮರ, ಹಗಲು ಇದ್ದಲ್ಲಿ ರಾತ್ರಿ. ಬೆಕ್ಕಿನ ಮಾತೂ ಬೇರೆಲ್ಲೂ ಕೇಳದಂಥ ಕಲಸುಮೇಲೋಗರ. ಓದುಗ ತನ್ನ ವೇಗದಲ್ಲಿ, ಬೇಕಾದಲ್ಲಿ ನಿಂತು ಸವಿಯುವ ಪುಟ ಅದು.

1916ರಲ್ಲಿ ಹರ್ಸ್ಟ್ ಸ್ಟುಡಿಯೋ ಇದನ್ನು ಸಿನಿಮಾ ಮಾಡಿದಾಗ ಉಳಿದದ್ದು ಬೆಕ್ಕು, ಇಲಿ, ಇಟ್ಟಿಗೆ ಮಾತ್ರ. ಹಿನ್ನೆಲೆ ಬರಿದಾಯಿತು. 1925ರಲ್ಲಿ ಅನಿಮೇಟರ್ ಬಿಲ್ ನೋಲನ್ ಹೊಸ ಸಿನಿಮಾ ಸರಣಿ ಶುರು ಮಾಡಿದಾಗ ಬೆಕ್ಕು ಫೆಲಿಕ್ಸ್‌ನಂತೆಯೇ ಕಾಣತೊಡಗಿತು. ಇನ್ನು ಆ ಹೆಸರು ಇಟ್ಟುಕೊಂಡು ಏನು ಪ್ರಯೋಜನ?

ಸ್ಟ್ರಿಪ್‌ನಿಂದ ಬಂದ ಮಾತಿನ ಗುಳ್ಳೆಗಳ ಕಾಟ ಬೇರೆ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಪಾತ್ರದ ಬಾಯಿಂದ ಗುಳ್ಳೆ ಏಳುತ್ತದೆ, ನಾವು ಓದಿ ಮುಗಿಸುವ ತನಕ ಪಾತ್ರ ಅಲುಗಾಡದೆ ನಿಲ್ಲುತ್ತದೆ. ನಗು ಅಲ್ಲೇ ಸತ್ತುಹೋಗುತ್ತದೆ.

ಕೆಲಸ ಮಾಡಿದವರಿಗೆ ಹೆಸರಾದರೂ ಸಿಕ್ಕಿತೇ? ಮಟ್-ಜೆಫ್ ಚಿತ್ರಗಳನ್ನು ಕಟ್ಟಿದ್ದು ರಾವುಲ್ ಬಾರೆ ಮತ್ತು ಚಾರ್ಲ್ಸ್ ಬವರ್ಸ್. ತೆರೆಯ ಮೇಲೆ ಮೆರೆದದ್ದು ಸ್ಟ್ರಿಪ್‌ನ ಒಡೆಯ ಬಡ್ ಫಿಶರ್ ಹೆಸರು.

ಎದುರಿನವರು ಫೆಲಿಕ್ಸ್ ಹೆಸರು ಎತ್ತಿದ್ದಾರೆ. ಆ ಚಿಹ್ನೆ ಸ್ಟ್ರಿಪ್‌ನದ್ದು, ಒಪ್ಪುತ್ತೇನೆ. ಆದರೆ ಫೆಲಿಕ್ಸ್ ಹುಟ್ಟಿದ್ದೇ ತೆರೆಯ ಮೇಲೆ, 1919ರಲ್ಲಿ. ಕೈ ಹಿಂದೆ ಕಟ್ಟಿ, ಯೋಚಿಸುತ್ತಾ ಅತ್ತಿತ್ತ ನಡೆಯುವ ಆ ನಡಿಗೆಯಲ್ಲೇ ಅದರ ಗುಣವೆಲ್ಲ ಇದೆ. ಅದಕ್ಕೆ ಗುಳ್ಳೆ ಬೇಕಿಲ್ಲ. ಪತ್ರಿಕೆಗಳು 1923ರಲ್ಲಿ ಅದನ್ನು ಸ್ಟ್ರಿಪ್ ಮಾಡಿಕೊಂಡವು. ಮೂಕಿ ಕಾಲದಲ್ಲಿ ಅತಿ ಹೆಚ್ಚು ಜನ ಮೆಚ್ಚಿದ ಕಾರ್ಟೂನ್ ಪಾತ್ರ ಪತ್ರಿಕೆಯಿಂದ ಬಂದದ್ದಲ್ಲ, ಪತ್ರಿಕೆಗೆ ಹೋದದ್ದು.