ದೊಡ್ಡಪ್ಪನ ಕುರ್ಚಿ ಮಾತ್ರ ಸ್ಪಷ್ಟವಾಗಿತ್ತು

ಹೂಮಳೆ ಬಿದ್ದು ಕಾಫಿ ಗಿಡಗಳು ಬೆಳ್ಳಗೆ ಹೂ ತುಂಬಿಕೊಂಡಿದ್ದ ಒಂದು ದಿನ, ಸಕಲೇಶಪುರದ ಕಡೆಯ ತೋಟದಲ್ಲಿ ದೊಡ್ಡಪ್ಪನವರನ್ನು ಕೂರಿಸಿ, ಅವರ ಕಾಲದಲ್ಲಿ ಕೊಯ್ಲು ಹೇಗೆ ನಡೆಯುತ್ತಿತ್ತೆಂಬುದನ್ನು 20 ನಿಮಿಷ ಚಿತ್ರೀಕರಿಸಿಕೊಂಡೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತ್ತು. ಹಾಸನಕ್ಕೆ ಮರಳಿ ಕಂಪ್ಯೂಟರಿನಲ್ಲಿ ನೋಡಿದರೆ, ಮಾತಿನ ಹುರುಪಿನಲ್ಲಿ ಅವರು ಮುಂದಕ್ಕೆ ಬಾಗಿದಾಗಲೆಲ್ಲ ಮುಖ ಮಸುಕಾಗಿ, ಬೆತ್ತದ ಕುರ್ಚಿಯ ಹೆಣಿಗೆ ಮಾತ್ರ ಎಳೆ ಎಳೆಯಾಗಿ ಕಾಣುತ್ತಿತ್ತು.

ತಪ್ಪು ನನ್ನದೇ. 50 ಎಂಎಂ ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್ 1.8ಕ್ಕೆ ಪೂರ್ತಿ ತೆರೆದಿದ್ದೆ. ಫುಲ್ ಫ್ರೇಮ್ ಸೆನ್ಸರಿನ (ಬೆಳಕು ಹಿಡಿಯುವ ಫಲಕ 35 ಎಂಎಂ ಫೋಟೋ ರೀಲಿನ ಚೌಕಟ್ಟಿನಷ್ಟೇ ದೊಡ್ಡದಿರುವ) ಕ್ಯಾಮೆರಾದಲ್ಲಿ, ಎರಡು ಮೀಟರ್ ದೂರದಲ್ಲಿ ಕುಳಿತವರಿಗೆ ಆಗ ಸಿಗುವ ಸ್ಪಷ್ಟತೆಯ ಆಳ (ಹಿಂದೆಮುಂದೆ ಸ್ಪಷ್ಟವಾಗಿ ಕಾಣುವಷ್ಟು ಜಾಗ) ಸುಮಾರು 17 ಸೆಂಟಿಮೀಟರ್. ಅಂದರೆ ಒಂದು ಗೇಣಿಗಿಂತಲೂ ಕಡಿಮೆ. ಫೋಟೋಕ್ಕೆ ಆ ಒಂದು ಕ್ಷಣ ಫೋಕಸ್ ನಿಂತರೆ ಸಾಕು, ಆದರೆ ವಿಡಿಯೋದಲ್ಲಿ ಮನುಷ್ಯ ಅಲುಗುತ್ತಲೇ ಇರುತ್ತಾನೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು, ಎಫ್ 5.6ಕ್ಕೆ ಕಿರಿದಾಗಿಸಿದ್ದರೆ ಅದೇ ಆಳ ಅರ್ಧ ಮೀಟರಿಗೆ ಏರುತ್ತಿತ್ತು. ದೂರದ ಸಿಲ್ವರ್ ಓಕ್ ಮರಗಳು ಆಗಲೂ ಮೃದುವಾಗಿಯೇ ಉಳಿಯುತ್ತಿದ್ದವು.

2008ರಲ್ಲಿ ವಿಡಿಯೋವನ್ನೂ ತೆಗೆಯಬಲ್ಲ ಫೋಟೋ ಕ್ಯಾಮೆರಾಗಳಾದ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಬಂದಂದಿನಿಂದ ನಮ್ಮಂಥವರಿಗೆ ಹಿನ್ನೆಲೆ ಮಬ್ಬಾಗಿಸುವ ಹುಚ್ಚು ಹತ್ತಿದೆ, ಮತ್ತು ಅದನ್ನು ನಾವು ‘ಸಿನಿಮಾ ಲುಕ್’ ಎಂದು ಕರೆದುಕೊಂಡಿದ್ದೇವೆ. ವಾಸ್ತವದಲ್ಲಿ 35 ಎಂಎಂ ಸಿನಿಮಾ ರೀಲು ಕ್ಯಾಮೆರಾದಲ್ಲಿ ಮೇಲಿನಿಂದ ಕೆಳಕ್ಕೆ ಓಡುತ್ತಿದ್ದುದರಿಂದ, ಅದರ ಒಂದೊಂದು ಚೌಕಟ್ಟು ಫುಲ್ ಫ್ರೇಮ್ ಸೆನ್ಸರಿನ ಹೆಚ್ಚುಕಡಿಮೆ ಅರ್ಧದಷ್ಟೇ ಇರುತ್ತಿತ್ತು, ಚೌಕಟ್ಟು ಚಿಕ್ಕದಾದಷ್ಟೂ ಹಿನ್ನೆಲೆ ಮಬ್ಬಾಗುವುದೂ ಕಡಿಮೆ. ಸಿನಿಮಾ ಸೆಟ್ಟಿನಲ್ಲಿ ಟೇಪು ಹಿಡಿದು ದೂರ ಅಳೆದು ಫೋಕಸ್ ತಿರುಗಿಸಲೆಂದೇ ಒಬ್ಬರು ನಿಂತಿರುತ್ತಾರೆ. ನಾವು ಒಬ್ಬರೇ ನಿಂತು, ಅದಕ್ಕಿಂತ ದೊಡ್ಡ ಸೆನ್ಸರಿನಲ್ಲಿ, ಅಪರ್ಚರನ್ನೂ ಪೂರ್ತಿ ತೆರೆದುಕೊಂಡು ಸಿನಿಮಾ ಎನ್ನುತ್ತಿದ್ದೇವೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನೇ ಹುಡುಕಿ ಹಿಡಿಯುತ್ತವಲ್ಲ ಎನ್ನುವವರು ಇದ್ದಾರೆ. ಹಿಡಿಯುತ್ತವೆ, ನಿಜ, ಹಾಗೆಂದು ಮುಖದ ಒಂದು ಗೇಣನ್ನು ಬಿಟ್ಟು ಉಳಿದ ತೋಟವನ್ನೆಲ್ಲ ಅಳಿಸಿಹಾಕುವುದಾದರೆ ತೋಟಕ್ಕೆ ಹೋಗಿ ಚಿತ್ರೀಕರಿಸುವ ಅಗತ್ಯವಾದರೂ ಏನಿತ್ತು?

ಇನ್ನು ಶಟರ್ ಸ್ಪೀಡಿನ ವಿಚಾರ, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಎಷ್ಟು ಹೊತ್ತು ಬೀಳುತ್ತದೆಂಬುದು. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ 1/50 ಸೆಕೆಂಡಿನಲ್ಲಿರಬೇಕೆಂಬುದು ರೂಢಿಯ ನಿಯಮ, ಆಗಲೇ ಕೈಕಾಲಿನ ಚಲನೆ ಕಣ್ಣಿಗೆ ಸಹಜವೆನಿಸುತ್ತದೆ. ಆದರೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100ರಲ್ಲಿ, ನೆತ್ತಿಯ ಬಿಸಿಲಿನಲ್ಲಿ, 1/50ಕ್ಕೆ ಎಫ್ 22 ಬೇಕಾಗುತ್ತದೆ. ಬೆಳಕು ಹೆಚ್ಚಾಯಿತೆಂದು ನಾನು ಮೊದಲೆಲ್ಲ ಶಟರನ್ನು 1/1000ಕ್ಕೆ ಏರಿಸುತ್ತಿದ್ದೆ, ಕಣದಲ್ಲಿ ಕಾಫಿ ಹರವುವವರ ಕೈಗಳು ತುಂಡು ತುಂಡಾಗಿ ಜಿಗಿಯುತ್ತಿದ್ದವು. ಲೆನ್ಸಿನ ಮುಂದೆ ಎನ್‌ಡಿ 16 ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು, ಹಾಕಿದರೆ ನಾಲ್ಕು ಸ್ಟಾಪ್ (ಸ್ಟಾಪಿಗೆ ಅರ್ಧದಂತೆ) ಬೆಳಕು ತಗ್ಗಿ, ಅದೇ ಬಿಸಿಲಿನಲ್ಲಿ ಎಫ್ 5.6 ದೊರೆಯುತ್ತದೆ. ಹೊಸ ಲೆನ್ಸಿಗೆ ಸಾಲ ಮಾಡುವವರು ಈ ಗಾಜಿನ ತುಂಡಿಗೆ ಏಕೆ ಹಿಂದೆಮುಂದೆ ನೋಡುತ್ತಾರೋ ನನಗೆ ತಿಳಿಯದು. ಕಲ್ಯಾಣ ಮಂಟಪದ ಟ್ಯೂಬ್‌ಲೈಟುಗಳ ಕೆಳಗೂ 1/50 ಅಥವಾ 1/100 ಒಳ್ಳೆಯದು, ಏಕೆಂದರೆ ನಮ್ಮ ವಿದ್ಯುತ್ತು 50 ಹರ್ಟ್ಸಿನದು. 1/60 ಇಟ್ಟರೆ ಧಾರೆಯ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಪಟ್ಟೆಗಳು ಹರಿದಾಡಬಹುದು.

ಮೂರು ದಿನ ಬಿಟ್ಟು ಮತ್ತೆ ತೋಟಕ್ಕೆ ಹೋದೆ. ಮರದಡಿಯ ಚುಕ್ಕಿ ಬಿಸಿಲನ್ನು ಬಿಟ್ಟು ದೊಡ್ಡಪ್ಪನವರನ್ನು ಜಗಲಿಯ ನೆರಳಿನಲ್ಲಿ ಕೂರಿಸಿ, ಕ್ಯಾಮೆರಾವನ್ನು ಟ್ರೈಪಾಡಿಗೆ ಕಟ್ಟಿ, ಎಫ್ 5.6 ಮತ್ತು ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಎರಡನ್ನೂ ಕೈಯಾರೆ ನಿಗದಿ ಮಾಡಿ, ಅಂಗಿಗೊಂದು ಕಾಲರ್ ಮೈಕ್ ಸಿಕ್ಕಿಸಿದೆ. ಮಾತು ಮೊದಲ ಸಲದಷ್ಟು ಹುರುಪಿನಿಂದ ಬರಲಿಲ್ಲ. “ಅವತ್ತೇ ಎಲ್ಲ ಹೇಳಿದ್ದೆನಲ್ಲಪ್ಪ” ಎಂದರು. ಹಿಂದೆ ಹೂವೂ ಕಂದಿತ್ತು.